ಚಿರೇಕಲ್ಲಿನ ಹಳೇ ಮನೆಗೆ ವಾಟರ್‌ಪ್ರೂಫ್ ಬಣ್ಣ ಹಚ್ಚಬಹುದೇ?

ದಯವಿಟ್ಟು ಹಚ್ಚಿಸಬೇಡಿ. ಕುಮಟಾ ಹತ್ತಿರದ ನಿಮ್ಮ ಹಳೇ ಮನೆಗೆ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿಸಿದ ಮೇಲೆ ಒಳಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗುತ್ತಿದೆ ಎಂದಿದ್ದೀರಿ. ಬಣ್ಣ ಬಳಿದರೆ ಆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ.

ಚಿರೇಕಲ್ಲು ಎಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಮೈತುಂಬ ತೂತು. ಹಳೇ ತಳಪಾಯಗಳಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಮಳೆಗಾಲದಲ್ಲಿ ಕಲ್ಲು ಹೀರಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿದೆ. ನೀರಿನ ಜೊತೆ ಏರಿದ ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ ಕಲ್ಲನ್ನೇ ಪುಡಿಮಾಡುತ್ತದೆ.

ಮೊದಲು ಹೊರಗೆ ನೋಡಿ. ಅಂಗಳ ಒಳನೆಲಕ್ಕಿಂತ 15 ಸೆಂ.ಮೀ. ಆದರೂ ತಗ್ಗಿರಬೇಕು, ಮಾಡಿನ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಕಿದ್ದರೆ ಒಡೆಸಿ, ಜಲ್ಲಿ ತುಂಬಿದ ಚರಂಡಿ ಮಾಡಿಸಿ.

ದೀಪಾವಳಿ ಕಳೆದ ಮೇಲೆ ಗಿಲಾಯಿ ಬಿಡಿಸಿ. ಉಳಿ, ಸುತ್ತಿಗೆ ಸಾಕು. ಬ್ರೇಕರ್ ಯಂತ್ರ ಬೇಡ. ತಟ್ಟಿದರೆ ಡಬಡಬ ಎನ್ನುವ ಕಡೆ ಸುಲಭವಾಗಿ ಬರುತ್ತದೆ. ಕಲ್ಲಿನ ಮೈಯೂ ಕಿತ್ತುಬರುತ್ತದೆ ಎನ್ನಿಸಿದಲ್ಲಿ ಸಿಮೆಂಟನ್ನು ಹಾಗೇ ಬಿಡುವುದೇ ಲೇಸು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ. ಜನವರಿವರೆಗೆ ಗೋಡೆ ಆರಲಿ.

ಆಮೇಲೆ ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಿಸಿ. ಅದಕ್ಕೆ ಅಳತೆಯಲ್ಲಿ 1 ಪಾಲು ನೆನೆಸಿದ ಸುಣ್ಣ, 3 ಪಾಲು ಹೊಳೆಮರಳು. ಕಡಲ ಮರಳು ಖಂಡಿತ ಬೇಡ. ಕೆಳಗಿನ ಒಂದು ಮೀಟರಿಗೆ ಮರಳಿನ 1 ಪಾಲಿನ ಬದಲು ಸುಟ್ಟ ಇಟ್ಟಿಗೆಯ ಪುಡಿ ಹಾಕಿ. ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದು, ಆದರೆ ಕೆಲವು ವಾರ ನೀರಲ್ಲೇ ನೆನೆದು ಸೋಸಿರಬೇಕು; ಅರಳದೆ ಉಳಿದ ಕಾಳು ಗೋಡೆಯಲ್ಲಿ ಅರಳಿ ಗುಳ್ಳೆ ಏಳಿಸುತ್ತದೆ. ಮೊದಲ ಪದರ 10–12 ಮಿ.ಮೀ., ಗೀರು ಹಾಕಿ ಬಿಡಿ. ಅದು ಗಟ್ಟಿಯಾದ ಮೇಲೆ 6–8 ಮಿ.ಮೀ. ಇನ್ನೊಂದು. ಒಮ್ಮೆಗೇ ದಪ್ಪ ಬಳಿದರೂ, ನೀರು ಹೆಚ್ಚಾದರೂ ಬಿರುಕು ಖಚಿತ. ವಾರವಿಡೀ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಬಿಸಿಲ ಕಡೆ ಒದ್ದೆ ಗೋಣಿ ಇಳಿಬಿಡಿ. ಗಟ್ಟಿ ಬರಲಿ ಎಂದು ಮೇಸ್ತ್ರಿ ಒಂದು ಹಿಡಿ ಸಿಮೆಂಟ್ ಸೇರಿಸಲು ಹೊರಟರೆ ಬಿಡಬೇಡಿ, ಪಕ್ಕದಲ್ಲೇ ನಿಲ್ಲಿ.

ಗಾರೆಯ ಮೇಲೆ ಎಮಲ್ಷನ್ ಬಣ್ಣ ಅಲ್ಲ, ತೆಳುವಾಗಿ ಮೂರು ನಾಲ್ಕು ಕೈ ಸುಣ್ಣ. ಗಾಳಿಯಿಂದ ಗಟ್ಟಿಯಾಗಲು ಸುಣ್ಣಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ಮೊದಲ ಮಳೆಗಾಲ ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ. ಹಿರಿಯರು ವರ್ಷಾ ವರ್ಷಾ ಕಟ್ಟುತ್ತಿದ್ದುದು ಬರೀ ರೂಢಿಯಲ್ಲ.

ಹೊಸ ಬಚ್ಚಲು ಕೇಳಿದ್ದಿರಿ. ಹಿತ್ತಿಲ ಕಡೆ, ತನ್ನದೇ ತಳಪಾಯದ ಮೇಲೆ ಕಟ್ಟಿಸಿ. ಹಳೇ ಗೋಡೆಗೆ ಕಚ್ಚಿಸಬೇಡಿ. ಹೊಸ ಅಡಿಪಾಯ ತುಸು ಕುಸಿದರೂ ಹಳೇ ಗೋಡೆ ಸೀಳದು. ಬಾಗಿಲಿಗೆ ಹೊಸದಾಗಿ ಗೋಡೆ ಒಡೆಯುವ ಬದಲು ಇರುವ ಕಿಟಕಿಯ ಕೆಳಭಾಗ ಮಾತ್ರ ತೆಗೆಸಿ, ಮೇಲಿನ ತೊಲೆ ಹೇಗೂ ಭಾರ ಹೊರುತ್ತಿದೆ. ಪೈಪುಗಳನ್ನು ಗೋಡೆ ಕೊರೆದು ಹುಗಿಯದೆ ಹೊರಗೇ ಕ್ಲ್ಯಾಂಪ್ ಹಾಕಿ ಕೂರಿಸಿ. ಆಗ ಎಲ್ಲಿ ಸೋರಿದರೂ ಅಂದೇ ಕಣ್ಣಿಗೆ ಬೀಳುತ್ತದೆ.