ಕನ್ನಡ ಹೇಗೂ ಬರುತ್ತಲ್ಲ, ಶಾಲೆಯಲ್ಲಿ ಬೇರೆ ಯಾಕೆ ಕಲಿಯಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಗಳು ಬೆಂಗಳೂರಿನ ಒಂದು ಸೆಂಟ್ರಲ್ ಸಿಲಬಸ್ ಶಾಲೆಯಲ್ಲಿ ಐದನೇ ಕ್ಲಾಸು. ಮುಂದಿನ ವರ್ಷ ಎರಡನೇ ಭಾಷೆ ಯಾವುದು ಅಂತ ಫಾರಂ ಬಂದಿದೆ. ಮನೆಯಲ್ಲಿ ಆಡುವುದು ಕನ್ನಡವೇ, ಅದು ಹೇಗೂ ಬರುತ್ತೆ. ಹಾಗಾಗಿ ಫ್ರೆಂಚ್ ಕೊಡಿಸೋಣವಾ, ಇಲ್ಲ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಸಂಸ್ಕೃತವಾ? ಅಷ್ಟಕ್ಕೂ ಫೋನೇ ಎಲ್ಲವನ್ನೂ ಅನುವಾದ ಮಾಡಿಕೊಡುವಾಗ ಶಾಲೆಯ ಎರಡನೇ ಭಾಷೆಯಿಂದ ಏನು ಲಾಭ?

ನಾನು ಭಾಷೆ ಓದಿಕೊಂಡ ಪಂಡಿತನಲ್ಲ. ಹನುಮಂತನಗರದಲ್ಲಿ ಬೆಳೆದವನು, ಮನೆಮಾತು ತೆಲುಗು. ಸ್ಟೇಟ್ ಸಿಲಬಸ್ಸಿನಲ್ಲಿ ಮೊದಲ ಭಾಷೆ ಇಂಗ್ಲಿಷ್ 125ಕ್ಕೆ, ಎರಡನೆಯದು ಕನ್ನಡ 100ಕ್ಕೆ, ಮೂರನೆಯದು ಹಿಂದಿ ಇನ್ನೊಂದು 100ಕ್ಕೆ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ನನಗೆ ಬಂದಿದ್ದು 71. ಆ 71ರ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಮಾತು ಹೇಗೂ ಬರುತ್ತೆ, ಒಪ್ಪಿದೆ. ಮನೆ, ಬೀದಿ, ಆಟದ ಮೈದಾನ ಸೇರಿ ಕಲಿಸಿಬಿಡುತ್ತವೆ. ಓದು ಬರಹ ಹಾಗಲ್ಲ. ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ತಿದ್ದಿಸಬೇಕು. ದಿನಾ ಉಕ್ತಲೇಖನ ಕೊಟ್ಟು, ಒತ್ತಕ್ಷರ ತಪ್ಪಿದರೆ ಐದೈದು ಸಲ ಬರೆಸುವ ತಾಳ್ಮೆ ಯಾವ ಅಪ್ಪ ಅಮ್ಮನಿಗಿದೆ ಹೇಳಿ? ನನಗಂತೂ ಇಲ್ಲ. ಆ ಕೆಲಸ ಶಾಲೆಯೇ ಮಾಡಬೇಕು.

ನನ್ನ ಚಿಕ್ಕಪ್ಪನ ಮಗನ ಕತೆ ಕೇಳಿ. ನನಗಿಂತ ಎರಡು ವರ್ಷ ಚಿಕ್ಕವನು, ಹುಟ್ಟಿ ಬೆಳೆದದ್ದು ಇಲ್ಲೇ. ಸೆಂಟ್ರಲ್ ಸಿಲಬಸ್, ಎರಡನೇ ಭಾಷೆ ಹಿಂದಿ, ಎಂಟನೇ ಕ್ಲಾಸಿನವರೆಗೆ ಮೂರನೆಯದು ಸಂಸ್ಕೃತ. ಕನ್ನಡ ಮಾತು ನನಗಿಂತ ಚೆನ್ನಾಗಿ ಆಡುತ್ತಾನೆ. ಆಟೋದವರ ಹತ್ತಿರ ಚೌಕಾಸಿ ಮಾಡಲು ನಾವು ಅವನನ್ನೇ ಮುಂದೆ ಬಿಡುತ್ತಿದ್ದೆವು. ಆದರೆ ಓದಲು ಬರುವುದಿಲ್ಲ. ಅಂಗಡಿ ಬೋರ್ಡು ಸಿಕ್ಕರೆ ಅಕ್ಷರ ಅಕ್ಷರ ಕೂಡಿಸಿಕೊಂಡು ಹೇಗೋ ದಡ ಸೇರುತ್ತಾನೆ, ಅಷ್ಟೇ.

ತಾತ ಹೋದ ಮೇಲೆ ಚಿಂತಾಮಣಿ ಕಡೆ ಇದ್ದ ಸ್ವಲ್ಪ ಜಮೀನಿನ ಭಾಗದ ವಿಷಯ ಬಂತು. ಪಹಣಿ, ವಂಶವೃಕ್ಷ, ಹಳೇ ಕ್ರಯಪತ್ರ, ಎಲ್ಲವೂ ಕನ್ನಡದಲ್ಲಿ. ಕಂಪನಿಯಲ್ಲಿ ನಲವತ್ತು ಜನರಿಗೆ ಮೇಲಧಿಕಾರಿಯಾದವನು ಪಹಣಿಯನ್ನು ನನ್ನ ಕಡೆ ತಳ್ಳಿ, "ಏನು ಬರೆದಿದೆ ನೋಡಣ್ಣ" ಅಂದ. ಅದಕ್ಕೂ ಮೊದಲು ಫೋನಿನ ಕ್ಯಾಮೆರಾ ಹಿಡಿದು ಅನುವಾದವನ್ನೂ ಮಾಡಿಸಿದ್ದ. ‘ಖರಾಬು’ ಅಂತಿದ್ದ ಕಡೆ ಫೋನು ‘ಬ್ಯಾಡ್’ ಅಂದಿತ್ತು. ಜಮೀನು ಕೆಟ್ಟುಹೋಗಿದೆ ಅಂತ ಪಾಪ ಗಾಬರಿಯಾಗಿದ್ದ! ಅದು ಬರೀ ಸಾಗುವಳಿಗೆ ಬಾರದ ಜಾಗದ ಲೆಕ್ಕ. ಫೋನಿನ ಬಗ್ಗೆ ಕೇಳಿದ್ದಿರಲ್ಲ, ಅದಕ್ಕೇ ಹೇಳಿದೆ. ನನಗೂ ಅದು ದಿನಾ ಉಪಯೋಗಕ್ಕೆ ಬರುತ್ತೆ. ಆದರೆ ಫೋನು ತಪ್ಪಿದಾಗ ತಪ್ಪಿದೆ ಅಂತ ಗೊತ್ತಾಗಲಾದರೂ ಓದಲು ಬರಬೇಕಲ್ಲ.

ಇನ್ನೊಂದು ತಮಾಷೆ. ಅವನು ಕನ್ನಡದ ಮೆಸೇಜುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹಾಕುವುದು. ಇಂಗ್ಲಿಷಿನಲ್ಲಿ ಬರೆದರೆ ಹಳ್ಳಿಯೂ ಹಲ್ಲಿಯೂ ಒಂದೇ. ‘ನಾಳೆ ಹಲ್ಲಿಗೆ ಹೋಗ್ತಿದೀನಿ’ ಅಂತ ನಾನು ಬೇಕಂತಲೇ ಜೋರಾಗಿ ಓದಿ ಅವನನ್ನು ಗೋಳು ಹೊಯ್ದುಕೊಳ್ಳುತ್ತೇನೆ. ನಗುವುದಕ್ಕೆ ಚೆನ್ನಾಗಿದೆ, ಆದರೆ ಈಗಿನ ಮಕ್ಕಳ ಬಾಯಲ್ಲಿ ಇದು ನಿಜವಾಗಿಯೇ ಆಗುತ್ತಿದೆ. ಮಾರತ್ತಹಳ್ಳಿ, ಬೊಮ್ಮನಹಳ್ಳಿ, ದಾಸರಹಳ್ಳಿ ಎಲ್ಲವನ್ನೂ ಇಂಗ್ಲಿಷ್ ಬೋರ್ಡಿನಿಂದಲೇ ಕಲಿತ ಮಗುವಿಗೆ ಊರೆಲ್ಲ ಹಲ್ಲಿಮಯ. ಕನ್ನಡ ಮನೆಯ ಮಕ್ಕಳೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ನಾಲಿಗೆ ತಡವರಿಸಿದಾಗ ಸರಿಮಾಡಿಕೊಳ್ಳಲು ಕಣ್ಣಿಗೆ ಒಂದು ‘ಳ’ ಕಾಣಬೇಕು. ಇಂಗ್ಲಿಷ್ ಅಕ್ಷರದಲ್ಲಿ ಅದು ಕಾಣುವುದೇ ಇಲ್ಲ.

ನನಗೆ ಕನ್ನಡ ಕ್ಲಾಸಿನಿಂದ ಬೇರೆ ತರಹದ ಲಾಭವಾಯಿತು. ತೆಲುಗಿನಲ್ಲಿ ‘ನಾವು’ ಅನ್ನಲು ಎರಡು ಮಾತಿವೆ. ‘ಮನಮು’ ಅಂದರೆ ಕೇಳುತ್ತಿರುವ ನೀನೂ ಸೇರಿ. ‘ಮೇಮು’ ಅಂದರೆ ನಿನ್ನನ್ನು ಬಿಟ್ಟು. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಸಣ್ಣವನಿದ್ದಾಗ ಗೆಳೆಯರು "ನಾವು ಲಾಲ್‌ಬಾಗಿಗೆ ಹೋಗ್ತಿದ್ದೀವಿ" ಅಂದರೆ, ನನ್ನನ್ನು ಸೇರಿಸಿಕೊಂಡಿದ್ದಾರೋ ಇಲ್ಲವೋ ಗೊತ್ತಾಗದೆ ಗೇಟಿನ ಹತ್ತಿರ ಸುಮ್ನೆ ನಿಂತಿರುತ್ತಿದ್ದೆ. ಆಗ ಅದು ಸಂಕಟ. ಆಮೇಲೆ ಕನ್ನಡ ಮೇಡಂ ಸರ್ವನಾಮ ಪಾಠ ಮಾಡುವಾಗ ತಟ್ಟನೆ ಹೊಳೆಯಿತು, ನಮ್ಮ ಮನೆಮಾತಿನಲ್ಲಿ ಇರುವುದು ಇಲ್ಲಿ ಇಲ್ಲ! ಅಲ್ಲಿಯವರೆಗೆ ತೆಲುಗಿಗೂ ವ್ಯಾಕರಣ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅದು ಅಮ್ಮ ಬೈಯುವ ಭಾಷೆ, ಅಷ್ಟೇ ಅಂದುಕೊಂಡಿದ್ದೆ. ತೆಲುಗು ಓದುವುದನ್ನು ಯಾರೂ ಹೇಳಿಕೊಡಲಿಲ್ಲ. ಎರಡೂ ಲಿಪಿಗಳ ಬೇರು ಒಂದೇ ಆದ್ದರಿಂದ, ತಲೆಕಟ್ಟಿನ ವ್ಯತ್ಯಾಸ ಹಿಡಿದ ಮೇಲೆ ಕನ್ನಡದ ಬಲದಲ್ಲೇ ಓದುವುದನ್ನು ಕಲಿತೆ.

ಹಿಂದಿಯಿಂದ ಕಲಿತಿದ್ದು ನಿನ್ನೆಗೂ ನಾಳೆಗೂ ‘ಕಲ್’ ಒಂದೇ ಸಾಕು ಅನ್ನುವುದು. ಬಸ್ಸು ಹೆಣ್ಣು ಯಾಕೆ ಅನ್ನುವುದು ಇವತ್ತಿಗೂ ತಿಳಿದಿಲ್ಲ.

ಎರಡು ಭಾಷೆ ಮೆದುಳಿಗೆ ಒಳ್ಳೆಯದು ಅಂತಾರಲ್ಲ, ಅದರಲ್ಲಿ ಸತ್ಯ ಇದೆ. ಈಗ ನಮ್ಮ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಯವರು ಹೈದರಾಬಾದಿನಲ್ಲಿ 648 ಮರೆವಿನ ಕಾಯಿಲೆಯವರನ್ನು ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ಆದರೆ ಅವರೆಲ್ಲ ಆ ಭಾಷೆಗಳಲ್ಲಿ ಬದುಕಿದವರು. ವಾರಕ್ಕೆ ನಾಲ್ಕು ಪೀರಿಯಡ್ ಕಲಿತು, ಪರೀಕ್ಷೆ ಬರೆದು ಮರೆತವರಲ್ಲ. ಇದನ್ನು ತೋರಿಸಿ ಯಾವುದಾದರೂ ಶಾಲೆ ಫ್ರೆಂಚಿಗೆ ಜಾಸ್ತಿ ಫೀಸು ಕೇಳಿದರೆ ನಂಬಬೇಡಿ.

ಫ್ರೆಂಚ್ ಬೇಡ ಅನ್ನುತ್ತಿಲ್ಲ. ದೊಡ್ಡವಳಾದ ಮೇಲೂ ಅದಕ್ಕೆ ದಾರಿ ಇದೆ. ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ಜರ್ಮನ್ ಬೇಕಂದರೆ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಬೇಕು ಅನ್ನಿಸಿದ ದಿನ ಹೋಗಿ ಕಲಿತವರು, ಶಾಲೆಯಲ್ಲಿ ಐದು ವರ್ಷ ಉರು ಹೊಡೆದವರಿಗಿಂತ ಬೇಗ ಮಾತಾಡುವುದನ್ನು ನೋಡಿದ್ದೇನೆ. ಸಂಸ್ಕೃತದಲ್ಲಿ ಮಾರ್ಕ್ಸ್ ಬರುವುದೂ ನಿಜ. ಆಸಕ್ತಿ ಇದ್ದರೆ ಚೆನ್ನ, ಮಾರ್ಕ್ಸಿಗಾಗಿ ಮಾತ್ರ ಆದರೆ ನನ್ನ ತಮ್ಮನ ಸಂಸ್ಕೃತದ ಹಾಗೆ ಆಗುತ್ತೆ. ಈಗ ಅವನ ಹತ್ತಿರ ಉಳಿದಿರುವುದು ‘ರಾಮಃ ರಾಮೌ ರಾಮಾಃ’ ಮಾತ್ರ.

ಕಾನೂನಿನ ವಿಷಯ ಒಂದಿದೆ. 2015ರ ಕನ್ನಡ ಕಲಿಕೆ ಕಾಯಿದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲನೇ ಅಥವಾ ಎರಡನೇ ಭಾಷೆಯಾಗಿ ಇರಬೇಕು. ಇದು ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಹಾಗಾಗಿ ನಿಮ್ಮ ಫಾರಂನಲ್ಲಿ ಆಯ್ಕೆ ಹೇಗೆ ಕೊಟ್ಟಿದ್ದಾರೆ ಅಂತ ಶಾಲೆಯವರನ್ನೇ ಕೇಳಿ. ಬರೀ ಕಾಯಿದೆಗೆ ಹೆದರಿ ಕಲಿತ ಭಾಷೆ ಮೈಗೆ ಹತ್ತುವುದಿಲ್ಲ ಅನ್ನುವುದೂ ನನಗೆ ಗೊತ್ತು.

ಕನ್ನಡ ಕ್ಲಾಸಿನಲ್ಲಿ ನನಗೆ ತೀರಾ ಬೇಜಾರಾಗುತ್ತಿದ್ದದ್ದು ಪತ್ರಲೇಖನ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ತಮ್ಮ ವಿಶ್ವಾಸಿ’. ಯಾರು ಬರೆಯುತ್ತಾರೆ ಇದನ್ನೆಲ್ಲ ಅನ್ನಿಸುತ್ತಿತ್ತು. ಹೋದ ವರ್ಷ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಾಗ ಅದೇ ಅಚ್ಚಿನಲ್ಲಿ ಅರ್ಜಿ ಬರೆದೆ. ಈಗ ಪಕ್ಕದ ಬೀದಿಯವರೂ ಅರ್ಜಿ ಬರೆಸಲು ನಮ್ಮ ಮನೆಗೇ ಬರುತ್ತಾರೆ.

ಫಾರಂ ತುಂಬುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಯಾವುದಾದರೂ ಕನ್ನಡದ ಮದುವೆ ಕರೆಯೋಲೆ ಇರುತ್ತಲ್ಲ, ಅದನ್ನು ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಮುಹೂರ್ತದ ಸಾಲು ದಾಟಿ ‘ಸುಖಾಗಮನ ಬಯಸುವವರು’ ತನಕ ಎಡವದೆ ಬಂದರೆ, ಶಾಲೆಯವರೂ ಒಪ್ಪಿದರೆ, ಫ್ರೆಂಚೇ ತೆಗೆದುಕೊಳ್ಳಲಿ. ನನ್ನ ತಕರಾರಿಲ್ಲ.