ತಣ್ಣೀರಲ್ಲಿ ಸಕ್ಕರೆ ಯಾಕೆ ತಳದಲ್ಲೇ ಕೂರುತ್ತದೆ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಹತ್ತಿರದ ಆಲ್ದೂರು. ಡಿಸೆಂಬರ್ ಚಳಿಯಲ್ಲಿ ಮಗ ಕೇಳಿದ ಅಂತ ನಲ್ಲಿ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ನಿಂಬೆ ಶರಬತ್ತು ಮಾಡಿದೆ. ಅರ್ಧ ಸಕ್ಕರೆ ಲೋಟದ ತಳದಲ್ಲೇ ಉಳಿಯಿತು. ಅದೇ ಸಕ್ಕರೆ ಕಾಫಿಯಲ್ಲಿ ಎರಡು ಸಲ ತಿರುಗಿಸುವಷ್ಟರಲ್ಲಿ ಮಾಯ. ದೀಪಾವಳಿಗೆ ಮಾಡಿದ ಜಾಮೂನಿನ ಪಾಕವೂ ಮಾರನೇ ದಿನ ಹರಳುಗಟ್ಟಿತ್ತು. ಸಕ್ಕರೆಗೆ ಏನೋ ಬೆರೆಸಿದ್ದಾರೆ ಅಂತಾರೆ ನಮ್ಮತ್ತೆ. ನಿಜವಾ?

ಉತ್ತರ: ಇಲ್ಲ ಮೇಡಂ, ನೀವು ಹೇಳಿದ ಎರಡೂ ಅಪ್ಪಟ ಸಕ್ಕರೆಯಲ್ಲೂ ಆಗುತ್ತವೆ. ಅದಕ್ಕಾಗಿ ಅಂಗಡಿಯವರನ್ನು ದೂರಬೇಡಿ. ಆದರೆ ಶರಬತ್ತಿನದು ಒಂದು ಕಥೆ, ಪಾಕದ್ದು ಇನ್ನೊಂದು. ಎಷ್ಟು ಬೇಗ ಕರಗುತ್ತದೆ ಅನ್ನುವುದು ಬೇರೆ, ಒಟ್ಟು ಎಷ್ಟು ಕರಗುತ್ತದೆ ಅನ್ನುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ.

ಮೊದಲು ಶರಬತ್ತು. 20 ಡಿಗ್ರಿಯಲ್ಲಿ 100 ಮಿಲಿ ನೀರಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ನೀರಿನ ಎರಡರಷ್ಟು ತೂಕ! ಮಂಜಿನಷ್ಟು ತಣ್ಣಗಿದ್ದರೂ ಸುಮಾರು 180 ಗ್ರಾಂ ಹಿಡಿಯುತ್ತದೆ. ಅಂದರೆ ನಿಮ್ಮ ಒಂದು ಲೋಟ ತಣ್ಣೀರಿಗೆ 70 ಚಮಚ ಸಕ್ಕರೆಯೂ ಹೆಚ್ಚಲ್ಲ, ನೀವು ಹಾಕಿದ್ದು ಎರಡು. ಜಾಗ ಸಾಲದೆ ಉಳಿದಿದ್ದಲ್ಲ ಅದು, ನಿಧಾನವಾಗಿ ಕರಗುತ್ತಿದೆ ಅಷ್ಟೇ. ಬಿಸಿ ನೀರಲ್ಲಿ ನೀರಿನ ಅಣುಗಳು ಜೋರಾಗಿ ಓಡಾಡುತ್ತವೆ, ಹರಳಿಗೆ ಬಡಿದು ಸಕ್ಕರೆಯ ಅಣುಗಳನ್ನು ಬೇಗ ಬೇಗ ಕಿತ್ತುಕೊಂಡು ಹೋಗುತ್ತವೆ. ತಣ್ಣೀರಲ್ಲಿ ಈ ಕೆಲಸ ಮಂದ. ಜೊತೆಗೆ ಕರಗಿದ ಸಕ್ಕರೆ ನೀರು ದಪ್ಪ, ಭಾರ. ಅದು ತಳದಲ್ಲೇ ಹರಳುಗಳ ಮೇಲೆ ಹೊದಿಕೆಯ ಹಾಗೆ ಕೂತುಬಿಡುತ್ತದೆ, ಹೊಸ ನೀರು ಹರಳಿನ ಹತ್ತಿರ ಬರುವುದೇ ಇಲ್ಲ. ತಿರುಗಿಸಬೇಕು ಅನ್ನುವುದು ಇದಕ್ಕೇ.

ಇದನ್ನು ಕಣ್ಣಾರೆ ನೋಡಬಹುದು. ಹಾಸನದ ನಮ್ಮ ಮನೆಯಲ್ಲಿ ಮಕ್ಕಳಿಗೆ ತೋರಿಸಲು ಮಾಡಿದ್ದೆ. ಎರಡು ಗಾಜಿನ ಲೋಟಕ್ಕೆ ತಣ್ಣೀರು ತುಂಬಿ. ಒಂದರ ತಳಕ್ಕೆ ಒಂದು ಚಮಚ ಸಕ್ಕರೆ ಸುರಿದು ಸುಮ್ನೆ ಬಿಡಿ. ಇನ್ನೊಂದರಲ್ಲಿ ಅಷ್ಟೇ ಸಕ್ಕರೆಯನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವ ಹಾಗೆ ಇಳಿಬಿಡಿ. ಕಿಟಕಿಯ ಬೆಳಕಿಗೆ ಹಿಡಿದರೆ ಗಂಟಿನಿಂದ ಎಳೆ ಎಳೆಯಾಗಿ ಏನೋ ಕೆಳಗೆ ಇಳಿಯುವುದು ಕಾಣುತ್ತದೆ, ಬೇಸಿಗೆಯ ರಸ್ತೆ ಮೇಲೆ ಗಾಳಿ ನಡುಗುವ ಹಾಗೆ. ಅದೇ ಸಕ್ಕರೆ ನೀರು. ಅದು ಕೆಳಗಿಳಿದಂತೆ ಹೊಸ ನೀರು ಬಂದು ಮುಟ್ಟುತ್ತದೆ. ಹಾಗಾಗಿ ಚಮಚ ಆಡಿಸದೆಯೇ ಗಂಟಿನ ಸಕ್ಕರೆ ಮೊದಲು ಖಾಲಿ. ತಳದ್ದು ಇನ್ನೂ ಹಾಗೇ ಇರುತ್ತದೆ!

ಶರಬತ್ತಿಗೆ ಸುಲಭ ದಾರಿ: ಸಕ್ಕರೆಯನ್ನು ಕಾಲು ಲೋಟ ಬಿಸಿ ನೀರಲ್ಲಿ ಕದಡಿ, ಆಮೇಲೆ ತಣ್ಣೀರು ಸೇರಿಸಿ. ಇಲ್ಲವೇ ಪುಡಿ ಮಾಡಿ ಹಾಕಿ.

ಇನ್ನು ಪಾಕ. ಇಲ್ಲಿ ನಿಜವಾಗಿಯೂ ಜಾಗದ ಸಮಸ್ಯೆಯೇ. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು ಇಟ್ಟಿರಿ ಅಂದುಕೊಳ್ಳಿ. ಕುದಿಯುತ್ತಾ ನೀರು ಆವಿಯಾಗಿ 300 ಮಿಲಿಗೆ ಬಂತು. ಒಲೆಯ ಮೇಲೆ ಇರುವವರೆಗೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ 100 ಡಿಗ್ರಿಯ ನೀರು 100 ಮಿಲಿಗೆ ಸುಮಾರು 480 ಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ನಿಮ್ಮೂರಿನ ಚಳಿಗೆ 20 ಡಿಗ್ರಿಗೆ ಇಳಿದಾಗ ಅದೇ 300 ಮಿಲಿ ನೀರು 600 ಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಉಳಿದ 400 ಗ್ರಾಂ ಎಲ್ಲಿಗೆ ಹೋಗಬೇಕು? ಹರಳಾಗಿ ಹೊರಗೆ ಬರುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಒಂದೆರಡು ಕಣ ಸಿಕ್ಕರೂ ಸಾಕು, ಅದಕ್ಕೇ ಜೋತುಕೊಂಡು ಬೆಳೆಯುತ್ತದೆ. ಕಲ್ಲುಸಕ್ಕರೆ ಮಾಡುವುದೂ ಹೀಗೆಯೇ, ಗಟ್ಟಿ ಪಾಕದಲ್ಲಿ ದಾರ ಬಿಟ್ಟು ನಿಧಾನವಾಗಿ ಆರಿಸಿ.

ಹಾಗಾದ ಪಾಕವನ್ನು ಚೆಲ್ಲಬೇಡಿ. ಜಾಮೂನು ತೆಗೆದಿಟ್ಟು, ಒಂದಿಷ್ಟು ನೀರು ಹಾಕಿ ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಮುಂದಿನ ಸಲ ಕುದಿಯುವಾಗ ಅರ್ಧ ಚಮಚ ನಿಂಬೆರಸ ಹಿಂಡಿ. ಹುಳಿಯಿಂದ ಸ್ವಲ್ಪ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ನಡುವೆ ಅಡ್ಡ ಬರುವುದರಿಂದ ಸಕ್ಕರೆಯ ಅಣುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರಲು ಆಗುವುದಿಲ್ಲ. ಅಜ್ಜಿಯರು ಪಾಕಕ್ಕೆ ನಿಂಬೆ ಹಿಂಡುತ್ತಿದ್ದುದು ರುಚಿಗಷ್ಟೇ ಅಲ್ಲ. ಪಾಕವನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತಣ್ಣಗಾದಷ್ಟೂ ಹರಳು ಜಾಸ್ತಿ.

ನಿಮ್ಮತ್ತೆಗೆ ಇದನ್ನೂ ಹೇಳಿ: ಮಲೆನಾಡಿನ ಜೇನುತುಪ್ಪ ಚಳಿಗಾಲದಲ್ಲಿ ಬಾಟಲಿಯಲ್ಲೇ ಗಟ್ಟಿಯಾದರೆ ಕಲಬೆರಕೆ ಅಂತ ಎಸೆಯುವವರು ಇದ್ದಾರೆ. ಅದೂ ಇದೇ ಜಾತಿಯ ಸಂಗತಿ, ಅದರೊಳಗಿನ ಗ್ಲೂಕೋಸ್ ಹರಳಾಗಿರುತ್ತದೆ. ಬಾಟಲಿಯನ್ನು ಕೈ ತಡೆಯುವಷ್ಟು ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ.