ಆ ಕಣ್ಣುಗಳನ್ನು ಬಿಡಿ, ಕಾರ್ಡಿನ ಮೇಲಿನ ಅಕ್ಷರ ಓದಿ

ನಮಸ್ಕಾರ. ಅಮೆರಿಕದ ಮೂಲನಿವಾಸಿಗಳಾದ ಮೋಡಾಕ್ ಜನರ ಹಳೆಯ ಫೋಟೋಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಹೊಸದು, ಭಾಷೆ ಸರಾಗ. ಆದರೆ ಈ ರೂಪದಲ್ಲಿ ಹಾಕಿಕೊಳ್ಳಲಾರೆ. ಮೂರು ಕಡೆ ಸಿಟ್ಟು ಬಂತು, ಅಷ್ಟನ್ನೇ ಹೇಳುತ್ತೇನೆ.

"ಕ್ಯಾಪ್ಟನ್ ಜ್ಯಾಕ್‌ನ ಕಣ್ಣುಗಳಲ್ಲಿ ಒಂದು ಜನಾಂಗದ ದುಃಖವೇ ಮಡುಗಟ್ಟಿದೆ" ಎಂದಿದ್ದೀರಿ. ನಿಮಗೆ ಯಾರು ಹೇಳಿದರು? ಅಮೆರಿಕದ ಸೇನೆಯ ವಿರುದ್ಧ ಹೋರಾಡಿದ ಆ ಮೋಡಾಕ್ ನಾಯಕ ಕಿಂಟ್‌ಪುವಾಶ್ (ಅವನ ಸ್ವಂತ ಹೆಸರು ಅದು, ನಿಮ್ಮಲ್ಲಿ ಒಮ್ಮೆಯೂ ಬಂದಿಲ್ಲ) 1873ರಲ್ಲಿ ಲೂಯಿ ಹೆಲ್ಲರ್‌ನ ಕ್ಯಾಮೆರಾ ಮುಂದೆ ಕೂತಾಗ ಸೇನೆಯ ಕೈದಿ. ಒದ್ದೆ ಗಾಜಿನ ಫಲಕದ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲ, ಕೆಲವು ಸೆಕೆಂಡು ಅಲುಗಾಡುವಂತಿಲ್ಲ. ಹಾಗೆ ಬಿಗಿಹಿಡಿದ ಮುಖ ಯಾರದಾದರೂ ಗಂಭೀರವೇ. ಅಕ್ಟೋಬರ್ 3ರಂದು ಅವನನ್ನು ಗಲ್ಲಿಗೇರಿಸಿದರು. ಅದು ಗೊತ್ತಿರುವ ನೀವು ನೇಣುಗಂಬವನ್ನು ತಂದು ಅವನ ಕಣ್ಣಿನಲ್ಲಿ ನೆಟ್ಟಿದ್ದೀರಿ.

ನಾನೂ ನೆಟ್ಟವನೇ. ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸದರಲ್ಲಿ ಮುದುಕರೊಬ್ಬರ ಚಿತ್ರಕ್ಕೆ "ಬರದ ಚಿಂತೆಯಲ್ಲಿ ರೈತ" ಎಂದು ಅಡಿಬರಹ ಬರೆದೆ. ಫೋಟೋಗ್ರಾಫರ್ ನೋಡಿ ನಕ್ಕ: "ಅವರು ಬಸ್ಸಿಗೆ ಕಾಯುತ್ತಿದ್ದರು ಮಾರಾಯರೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು." ಸಂಪಾದಕರು ಮಾತಾಡಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಗೀಟು, ಅಷ್ಟೆ.

ಹಾಗೆಂದು ಅಚ್ಚಾದ ಅಡಿಬರಹವನ್ನೂ ನಂಬಬೇಡಿ. ಬಂಡೆಯ ಮರೆಯಲ್ಲಿ ಬಂದೂಕು ಹಿಡಿದ "ಮೋಡಾಕ್ ವೀರ"ನನ್ನು ಹೊಗಳಿದ್ದೀರಲ್ಲ, ಇನ್ನೊಬ್ಬ ಫೋಟೋಗ್ರಾಫರ್ ಮೈಬ್ರಿಡ್ಜ್ ತೆಗೆದ ಆ ಚಿತ್ರದಲ್ಲಿರುವವನು ಮೋಡಾಕ್ ಅಲ್ಲವೇ ಅಲ್ಲ. ಅವರ ವಿರುದ್ಧ ಸೇನೆ ಕರೆತಂದಿದ್ದ, ವಾರ್ಮ್ ಸ್ಪ್ರಿಂಗ್ಸ್ ಕಡೆಯ ಬೇರೆ ಮೂಲನಿವಾಸಿ ಜನರ ಬೇಹಿನವನು.

ಇನ್ನು ವಿನೀಮಾ, ಅಂದರೆ ಟೋಬಿ ರಿಡಲ್, ಸೇನೆಗೂ ಮೋಡಾಕರಿಗೂ ನಡುವೆ ದುಭಾಷಿಯಾಗಿದ್ದ ಮೋಡಾಕ್ ಹೆಂಗಸು. ಆಕೆಯನ್ನು "ಇತಿಹಾಸದ ಮೂಕಸಾಕ್ಷಿ" ಎಂದಿದ್ದೀರಿ. ದುಭಾಷಿ ಮೂಕಿಯಾದರೆ ಕೆಲಸ ನಡೆಯುವುದು ಹೇಗೆ ಸ್ವಾಮಿ? ಏಪ್ರಿಲ್ 11ರಂದು ಮೋಡಾಕರ ಜೊತೆಗಿನ ಸಂಧಾನಕ್ಕೆ ಹೋಗಬೇಡಿ, ಕೊಲ್ಲುತ್ತಾರೆ ಎಂದು ಮೊದಲೇ ಎಚ್ಚರಿಸಿದವಳು ಆಕೆ. ಸೇನೆಯ ಜನರಲ್ ಕ್ಯಾನ್ಬಿ ಕೇಳಲಿಲ್ಲ, ಹೋದ, ಸತ್ತ. ಮೈಬ್ರಿಡ್ಜ್‌ನ ಇನ್ನೊಂದು ಚಿತ್ರದಲ್ಲಿ ಆಕೆ ಗಂಡ ಫ್ರ್ಯಾಂಕ್ ಮತ್ತು ಒಬ್ಬ ಸರ್ಕಾರಿ ಏಜೆಂಟನ ನಡುವೆ ನಿಂತಿದ್ದಾಳೆ, ಮುಂದೆ ನಾಲ್ವರು ಮೋಡಾಕ್ ಹೆಂಗಸರು. ಆ ನಿಲುವಿನ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಹೆಲ್ಲರ್ ತನ್ನ ಫೋಟೋಗಳನ್ನು ಅಂಟಿಸಿದ ಕಾರ್ಡುಗಳಲ್ಲಿ, ಇದು ನನ್ನ ವಶದಲ್ಲಿರುವ ಕೈದಿಯದೇ ಚಿತ್ರ ಎಂಬ ಸೇನಾಧಿಕಾರಿಯ ದೃಢೀಕರಣವೂ ಅಚ್ಚಾಗಿದೆ. ಮಾರಾಟಕ್ಕೆ ಇಟ್ಟ ಕಾರ್ಡುಗಳವು. ಅಲ್ಲಿಂದ ಶುರುಮಾಡಿ ಮತ್ತೆ ಬರೆಯಿರಿ. ಎಂಟು ನೂರು ಪದ ಸಾಕು.